ಚುನಾವಣೆಗಳ ನಡುವಿನ ಅವಧಿಯಲ್ಲಿ ಚುನಾಯಿತ ಪ್ರತಿನಿಧಿಗಳ ಉತ್ತರದಾಯಿತ್ವ: ರಾಯಚೂರು, ದೇವದುರ್ಗ ಮತ್ತು ಮಾನ್ವಿ ನಾಗರಿಕರಿಗೆ ಮಾಹಿತಿ

ಪೀಠಿಕೆ

ಮತದಾನವು ಐದು ವರ್ಷಗಳಿಗೊಮ್ಮೆ ಬರುತ್ತದೆ. ನಲ್ಲಿಯ ನೀರು, ರಸ್ತೆ, ಶಾಲೆ, ಕಾಲುವೆ ಇವುಗಳ ಅಗತ್ಯ ಪ್ರತಿದಿನವೂ ಇರುತ್ತದೆ. ಒಂದು ಚುನಾವಣೆ ಮುಗಿದು ಇನ್ನೊಂದು ಬರುವವರೆಗೆ ಪ್ರತಿನಿಧಿಗಳಿಂದ ಉತ್ತರ ಪಡೆಯಲು ಸಂವಿಧಾನ ಮತ್ತು ರಾಜ್ಯದ ಅಧಿನಿಯಮಗಳು ನಾಗರಿಕರಿಗೆ ಹಲವು ಅವಕಾಶಗಳನ್ನು ಕಲ್ಪಿಸಿವೆ. ಈ ಅವಕಾಶಗಳನ್ನು ಯಾವಾಗ, ಯಾರ ಮುಂದೆ, ಯಾವ ರೀತಿಯಲ್ಲಿ ಬಳಸಬೇಕೆಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ವಿಷಯದ ಗಂಭೀರತೆಗೆ ರಾಯಚೂರು ಜಿಲ್ಲೆಯಲ್ಲೇ ನಿದರ್ಶನಗಳಿವೆ. 2022ರ ಮೇ ತಿಂಗಳ ಕೊನೆ ಹಾಗೂ ಜೂನ್ ತಿಂಗಳಲ್ಲಿ ರಾಯಚೂರು ನಗರದಲ್ಲಿ ಕಲುಷಿತ ಕುಡಿಯುವ ನೀರಿನಿಂದ ಅನೇಕರು ಅಸ್ವಸ್ಥರಾದರು, ಸಾವುಗಳೂ ಸಂಭವಿಸಿದವು. ಮರುವರ್ಷ, 2023ರ ಮೇ ತಿಂಗಳಲ್ಲಿ, ದೇವದುರ್ಗ ಭಾಗದ ರೇಕಲಮರಡಿ ಗ್ರಾಮದಲ್ಲಿ ಇಂಥದೇ ಘಟನೆ ನಡೆದು ಒಂದು ಮಗು ಮೃತಪಟ್ಟಿತು. ನೀರಿನ ಬಣ್ಣ ಬದಲಾದಾಗ, ಕೊಳವೆ ಒಡೆದಾಗ, ತೊಟ್ಟಿಯನ್ನು ಶುಚಿಗೊಳಿಸದೆ ಬಿಟ್ಟಾಗ ಅದನ್ನು ಪ್ರಶ್ನಿಸಲು ಮುಂದಿನ ಚುನಾವಣೆಯವರೆಗೆ ಕಾಯಲಾಗದು. ಆದುದರಿಂದ ಈ ಪುಟದ ಉದ್ದಕ್ಕೂ ಕುಡಿಯುವ ನೀರನ್ನೇ ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

1. ಯಾವ ಪ್ರತಿನಿಧಿ ಯಾವ ಕೆಲಸಕ್ಕೆ ಉತ್ತರದಾಯಿ

ನಾಗರಿಕರ ಅನೇಕ ಮನವಿಗಳು ನಿಷ್ಫಲವಾಗಲು ಮುಖ್ಯ ಕಾರಣವೆಂದರೆ ಅವು ಸಂಬಂಧಪಡದವರಿಗೆ ಸಲ್ಲಿಕೆಯಾಗುವುದು. ಆದ್ದರಿಂದ ಮೊದಲಿಗೆ ಹೊಣೆ ಯಾರದೆಂಬುದನ್ನು ತಿಳಿಯಬೇಕು.

(ಅ) ಗ್ರಾಮ ಪಂಚಾಯಿತಿ ಸದಸ್ಯರು ಮತ್ತು ಅಧ್ಯಕ್ಷರು: ಗ್ರಾಮದ ಕುಡಿಯುವ ನೀರು ಸರಬರಾಜು, ಬೀದಿ ದೀಪ, ಚರಂಡಿ, ನೈರ್ಮಲ್ಯ, ಫಲಾನುಭವಿಗಳ ಆಯ್ಕೆ.

(ಆ) ನಗರ ಸ್ಥಳೀಯ ಸಂಸ್ಥೆಗಳ ಸದಸ್ಯರು: ನಗರದ ನೀರು, ಒಳಚರಂಡಿ, ಕಸ ವಿಲೇವಾರಿ, ಒಳರಸ್ತೆ. ದೇವದುರ್ಗ ಮತ್ತು ಮಾನ್ವಿ ಪಟ್ಟಣಗಳಲ್ಲಿ ಪುರಸಭೆಗಳಿವೆ. ರಾಯಚೂರು ನಗರಸಭೆಯನ್ನು ಮಹಾನಗರ ಪಾಲಿಕೆಯಾಗಿ ಮೇಲ್ದರ್ಜೆಗೇರಿಸಲು ರಾಜ್ಯ ಸಚಿವ ಸಂಪುಟವು 2024ರಲ್ಲಿ ತೀರ್ಮಾನಿಸಿತು. ನಗರಸಭೆ, ಪುರಸಭೆಗಳಿಗೆ ಕರ್ನಾಟಕ ಪೌರಸಭೆಗಳ ಅಧಿನಿಯಮ, 1964 ಹಾಗೂ ಪಾಲಿಕೆಗಳಿಗೆ ಕರ್ನಾಟಕ ಪೌರ ನಿಗಮಗಳ ಅಧಿನಿಯಮ, 1976 ಅನ್ವಯಿಸುತ್ತದೆ.

(ಇ) ವಿಧಾನಸಭಾ ಸದಸ್ಯರು: ಕಾನೂನು ರಚನೆ, ಆಯವ್ಯಯಕ್ಕೆ ಮಂಜೂರಾತಿ, ಸದನದಲ್ಲಿ ಸರ್ಕಾರವನ್ನು ಪ್ರಶ್ನಿಸುವುದು, ತಾಲ್ಲೂಕು ಮಟ್ಟದ ಪ್ರಗತಿ ಪರಿಶೀಲನೆ, ಕ್ಷೇತ್ರಾಭಿವೃದ್ಧಿ ನಿಧಿಯ ಕಾಮಗಾರಿಗಳ ಶಿಫಾರಸು. ರಾಯಚೂರು, ರಾಯಚೂರು ಗ್ರಾಮೀಣ, ದೇವದುರ್ಗ ಮತ್ತು ಮಾನ್ವಿ ಇವು ಪ್ರತ್ಯೇಕ ವಿಧಾನಸಭಾ ಕ್ಷೇತ್ರಗಳು. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್‌ವಿಂಗಡಣೆಯಂತೆ ಇವುಗಳಲ್ಲಿ ಕೊನೆಯ ಮೂರು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ.

(ಈ) ವಿಧಾನ ಪರಿಷತ್ ಸದಸ್ಯರು: ಸ್ಥಳೀಯ ಸಂಸ್ಥೆಗಳು, ಪದವೀಧರರು ಮತ್ತು ಶಿಕ್ಷಕರ ಕ್ಷೇತ್ರಗಳಿಂದ ಆಯ್ಕೆಯಾದವರು. ಇವರೂ ಸದನದಲ್ಲಿ ಜಿಲ್ಲೆಯ ಪರವಾಗಿ ಪ್ರಶ್ನೆ ಕೇಳಬಹುದು.

(ಉ) ಲೋಕಸಭಾ ಸದಸ್ಯರು: ಕೇಂದ್ರ ಸರ್ಕಾರದ ಯೋಜನೆಗಳು, ರೈಲ್ವೆ, ರಾಷ್ಟ್ರೀಯ ಹೆದ್ದಾರಿ ಮೊದಲಾದವು. ರಾಯಚೂರು ಲೋಕಸಭಾ ಕ್ಷೇತ್ರವು ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ ಮತ್ತು ಯಾದಗಿರಿ ವಿಧಾನಸಭಾ ಕ್ಷೇತ್ರಗಳನ್ನೂ ಒಳಗೊಂಡಿದೆ.

ತಾಲ್ಲೂಕಿನ ಗಡಿ ಮತ್ತು ವಿಧಾನಸಭಾ ಕ್ಷೇತ್ರದ ಗಡಿ ಒಂದೇ ಆಗಿರಬೇಕೆಂದಿಲ್ಲ. ಹಿಂದೆ ಮಾನ್ವಿ ತಾಲ್ಲೂಕಿಗೆ ಸೇರಿದ್ದ ಸಿರವಾರ ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಆದರೆ ತಾಲ್ಲೂಕು ಬದಲಾದ ಮಾತ್ರಕ್ಕೆ ಶಾಸಕರು ಬದಲಾಗುವುದಿಲ್ಲ. ತಮ್ಮ ಕ್ಷೇತ್ರ ಯಾವುದೆಂಬುದನ್ನು ಮತದಾರರ ಪಟ್ಟಿಯಿಂದ ಖಚಿತಪಡಿಸಿಕೊಳ್ಳುವುದು ಸೂಕ್ತ.

ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಸದಸ್ಯರ ಅವಧಿ ಮುಕ್ತಾಯವಾಯಿತು; ಆನಂತರ ಆಡಳಿತಾಧಿಕಾರಿಗಳನ್ನು ನೇಮಿಸಲಾಯಿತು. ಯಾವುದೇ ಹಂತದಲ್ಲಿ ಚುನಾಯಿತ ಮಂಡಳಿ ಇಲ್ಲದ ಅವಧಿಯಲ್ಲಿ ಅದರ ಕರ್ತವ್ಯಗಳಿಗೆ ಆಡಳಿತಾಧಿಕಾರಿಯೇ ಉತ್ತರದಾಯಿ. ಅಂಥ ಸಂದರ್ಭದಲ್ಲಿ ಮನವಿಯನ್ನು ಅವರ ಹೆಸರಿಗೆ ಸಲ್ಲಿಸಿ, ಒಂದು ಪ್ರತಿಯನ್ನು ಕ್ಷೇತ್ರದ ಶಾಸಕರಿಗೆ ನೀಡಬೇಕು.

2. ಶಿಫಾರಸು ಬೇಕಿಲ್ಲದ ಸೇವೆಗಳು

ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಮುಂತಾದ ವೈಯಕ್ತಿಕ ಸೇವೆಗಳು ನಾಗರಿಕರ ಹಕ್ಕು. ಇವುಗಳಿಗೆ ಯಾವ ಪ್ರತಿನಿಧಿಯ ಪತ್ರವೂ ಅಗತ್ಯವಿಲ್ಲ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರಂತೆ ಅಧಿಸೂಚಿತ ಸೇವೆಗಳನ್ನು ನಿಗದಿತ ದಿನಗಳೊಳಗೆ ಒದಗಿಸತಕ್ಕದ್ದು. ಅರ್ಜಿ ಸಲ್ಲಿಸಿದಾಗ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿಯನ್ನು ಪಡೆಯಬೇಕು. ವಿಳಂಬವಾದರೆ ಅಥವಾ ಅರ್ಜಿ ತಿರಸ್ಕೃತವಾದರೆ ಸಕ್ಷಮ ಅಧಿಕಾರಿಗೆ, ತದನಂತರ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳ ಪರಿಹಾರ ವೆಚ್ಚವನ್ನು ಅಧಿನಿಯಮ ಗೊತ್ತುಪಡಿಸಿದೆ.

ವೈಯಕ್ತಿಕ ಸೇವೆಗಾಗಿ ಪ್ರತಿನಿಧಿಯ ಮನೆಬಾಗಿಲಿಗೆ ಹೋಗುವವರು ಹಕ್ಕನ್ನು ಉಪಕಾರವೆಂದು ಭಾವಿಸುವ ಸಂಭವವಿರುತ್ತದೆ. ಉಪಕಾರ ಪಡೆದವರಿಗೆ ಪ್ರಶ್ನೆ ಕೇಳುವುದು ಕಷ್ಟ. ಆದ್ದರಿಂದ ಸೇವೆಯನ್ನು ಕಚೇರಿಯಿಂದ ಪಡೆದು, ಸಾರ್ವಜನಿಕ ವಿಷಯಗಳನ್ನು ಮಾತ್ರ ಪ್ರತಿನಿಧಿಯ ಮುಂದಿಡುವುದು ಉತ್ತಮ ಕ್ರಮ.

3. ಲಿಖಿತ ಮನವಿ ಮತ್ತು ಸ್ವೀಕೃತಿ

ಮೌಖಿಕವಾಗಿ ಹೇಳಿದ ವಿಷಯಕ್ಕೆ ದಾಖಲೆ ಇರುವುದಿಲ್ಲ. ಪ್ರತಿನಿಧಿಗೆ ಸಲ್ಲಿಸುವ ಮನವಿಯಲ್ಲಿ ಈ ಕೆಳಕಂಡ ಅಂಶಗಳಿರಬೇಕು:

• ಸ್ಥಳ: ಗ್ರಾಮ ಅಥವಾ ವಾರ್ಡ್, ಬೀದಿ.
• ಸಮಸ್ಯೆ ಮತ್ತು ಅದು ಆರಂಭವಾದ ದಿನಾಂಕ.
• ಹಿಂದೆ ಯಾವ ಕಚೇರಿಗೆ ದೂರು ನೀಡಲಾಗಿತ್ತು, ಅದರ ಸಂಖ್ಯೆ.
• ಪ್ರತಿನಿಧಿಯಿಂದ ಅಪೇಕ್ಷಿಸುವ ಒಂದು ನಿರ್ದಿಷ್ಟ ಕ್ರಮ.
• ಉತ್ತರವನ್ನು ನಿರೀಕ್ಷಿಸುವ ದಿನಾಂಕ.

"ನಮ್ಮ ಊರಿಗೆ ನೀರಿನ ವ್ಯವಸ್ಥೆ ಮಾಡಿಸಿಕೊಡಿ" ಎಂಬ ಮನವಿಗೆ "ನೋಡೋಣ" ಎಂಬ ಉತ್ತರ ಸಾಕಾಗುತ್ತದೆ. "ಮೇಲ್ತೊಟ್ಟಿಯನ್ನು ಕೊನೆಯ ಬಾರಿ ಶುಚಿಗೊಳಿಸಿದ ದಿನಾಂಕ ಮತ್ತು ನೀರಿನ ಪರೀಕ್ಷಾ ವರದಿಯನ್ನು ಮುಂದಿನ ತಾಲ್ಲೂಕು ಪ್ರಗತಿ ಪರಿಶೀಲನಾ ಸಭೆಯಲ್ಲಿ ಅಧಿಕಾರಿಗಳಿಂದ ಕೇಳಿ, ನಡವಳಿಯಲ್ಲಿ ದಾಖಲಿಸಬೇಕು" ಎಂಬ ಮನವಿಗೆ ಆ ಉತ್ತರ ಸಾಕಾಗುವುದಿಲ್ಲ.

ಮನವಿಯ ಎರಡನೆಯ ಪ್ರತಿಯ ಮೇಲೆ ಸಹಿ, ದಿನಾಂಕ ಮತ್ತು ಮೊಹರು ಪಡೆಯಬೇಕು. ಖುದ್ದಾಗಿ ಸಲ್ಲಿಸಲಾಗದಿದ್ದಲ್ಲಿ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳಬೇಕು. ಇಲಾಖೆಗಳ ವಿರುದ್ಧದ ಕುಂದುಕೊರತೆಗಳನ್ನು ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ರಲ್ಲಿಯೂ ದಾಖಲಿಸಿ, ದೂರಿನ ಸಂಖ್ಯೆಯನ್ನು ಮನವಿಯಲ್ಲಿ ನಮೂದಿಸಬಹುದು.

4. ಗ್ರಾಮಗಳಲ್ಲಿ: ವಾರ್ಡ್ ಸಭೆ, ಗ್ರಾಮಸಭೆ ಮತ್ತು ಜಮಾಬಂದಿ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಂತೆ ವಾರ್ಡ್ ಸಭೆ ಮತ್ತು ಗ್ರಾಮಸಭೆಗಳನ್ನು ಆರು ತಿಂಗಳಿಗೊಮ್ಮೆಯಾದರೂ ನಡೆಸಬೇಕು. ಪಂಚಾಯಿತಿಯ ಸದಸ್ಯರು ಅವಧಿ ಮುಗಿದ ಮೇಲೆ ಇರುವುದಿಲ್ಲ. ಆದರೆ ಗ್ರಾಮಸಭೆಯು ಮತದಾರರೆಲ್ಲರ ಸಭೆಯಾದ್ದರಿಂದ ಅದಕ್ಕೆ ಅವಧಿಯೆಂಬುದಿಲ್ಲ. ಆಡಳಿತಾಧಿಕಾರಿ ಇರುವ ಕಾಲದಲ್ಲಿಯೂ ಗ್ರಾಮಸಭೆ ಕರೆಯುವಂತೆ ಲಿಖಿತವಾಗಿ ಕೋರಬಹುದು.

ಗ್ರಾಮಸಭೆಗೆ ಹೋಗುವ ಮುನ್ನ:

• ಸಭೆಯ ದಿನಾಂಕವನ್ನು ಪಂಚಾಯಿತಿಯ ಸೂಚನಾ ಫಲಕದಿಂದ ಅಥವಾ ಡಂಗುರದಿಂದ ತಿಳಿದುಕೊಳ್ಳಬೇಕು. ತಿಳಿಸದೆ ಸಭೆ ನಡೆಸಿದ್ದರೆ ಆ ಬಗ್ಗೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ದೂರು ನೀಡಬಹುದು.
• ಹಿಂದಿನ ಗ್ರಾಮಸಭೆಯ ನಡವಳಿಯನ್ನು ಓದಬೇಕು. ಆಗ ಕೈಗೊಂಡ ತೀರ್ಮಾನಗಳಲ್ಲಿ ಎಷ್ಟು ಜಾರಿಯಾಗಿವೆ ಎಂಬುದೇ ಮೊದಲ ಪ್ರಶ್ನೆಯಾಗಬೇಕು.
• ಪ್ರಶ್ನೆಯನ್ನು ಬರೆದುಕೊಟ್ಟು, ಅದನ್ನು ನಡವಳಿ ಪುಸ್ತಕದಲ್ಲಿ ಸೇರಿಸುವಂತೆ ಕೇಳಬೇಕು.
• ಕೋರಂ ಇಲ್ಲದೆ ಸಭೆ ನಡೆದಂತೆ ಬರೆಯದಿರಲು, ಹಾಜರಾದವರು ತಮ್ಮ ಸಹಿ ಅಥವಾ ಹೆಬ್ಬೆಟ್ಟಿನ ಗುರುತನ್ನು ತಾವೇ ಹಾಕಬೇಕು. ಖಾಲಿ ಪುಟಕ್ಕೆ ಸಹಿ ಹಾಕಬಾರದು.

ದೇವದುರ್ಗ ಮತ್ತು ಮಾನ್ವಿ ಭಾಗದಿಂದ ಅನೇಕ ಕುಟುಂಬಗಳು ಕೂಲಿಗಾಗಿ ಗುಳೆ ಹೋಗುತ್ತವೆ. ಅವರು ಊರಲ್ಲಿಲ್ಲದ ದಿನಗಳಲ್ಲಿ ಗ್ರಾಮಸಭೆ ನಡೆದರೆ ಮನೆ, ಉದ್ಯೋಗ ಮತ್ತಿತರ ಫಲಾನುಭವಿ ಪಟ್ಟಿಗಳಲ್ಲಿ ಅವರ ಪರವಾಗಿ ಮಾತನಾಡುವವರೇ ಇರುವುದಿಲ್ಲ. ಗುಳೆ ಹೋಗುವ ಮುನ್ನವೇ ತಮ್ಮ ಬೇಡಿಕೆಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಲಿಖಿತವಾಗಿ ನೀಡಿ ಸ್ವೀಕೃತಿ ಪಡೆಯುವುದು, ಹಾಗೂ ಊರಿಗೆ ಮರಳುವ ಕಾಲದಲ್ಲಿ ಸಭೆ ಕರೆಯುವಂತೆ ಕೋರುವುದು ಇದಕ್ಕೆ ಪರಿಹಾರ.

ಜಮಾಬಂದಿ: ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕಪತ್ರ ಮತ್ತು ಕಾಮಗಾರಿಗಳನ್ನು ಸಾರ್ವಜನಿಕರ ಎದುರು ಪರಿಶೀಲಿಸುವ ವಾರ್ಷಿಕ ಕಾರ್ಯಕ್ರಮವಿದು. ಅಂದು ವೋಚರುಗಳು, ಅಳತೆ ಪುಸ್ತಕ ಮತ್ತು ಆಸ್ತಿ ವಹಿಗಳನ್ನು ನೋಡಲು ಅವಕಾಶವಿರುತ್ತದೆ. ಪುಸ್ತಕದಲ್ಲಿ ಬರೆದ ಕೊಳವೆಯ ಉದ್ದ ಮತ್ತು ನೆಲದಲ್ಲಿ ಹಾಕಿರುವ ಕೊಳವೆಯ ಉದ್ದ ಒಂದೇ ಆಗಿದೆಯೇ ಎಂಬುದನ್ನು ಊರಿನವರಿಗಿಂತ ಚೆನ್ನಾಗಿ ಬಲ್ಲವರು ಬೇರೆ ಇಲ್ಲ.

ನೀರಿನ ಪರೀಕ್ಷೆ: 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಯೋಜನೆಯು ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ನೀರಿನ ಗುಣಮಟ್ಟವನ್ನು ಸ್ಥಳದಲ್ಲೇ ಪರೀಕ್ಷಿಸುವ ತರಬೇತಿ ನೀಡಲು ಅವಕಾಶ ಕಲ್ಪಿಸಿದೆ. ತಮ್ಮ ಗ್ರಾಮದಲ್ಲಿ ತರಬೇತಿ ಪಡೆದವರು ಯಾರು, ಪರೀಕ್ಷಾ ಪೆಟ್ಟಿಗೆ ಎಲ್ಲಿದೆ, ಕೊನೆಯ ಪರೀಕ್ಷೆ ಯಾವಾಗ ನಡೆಯಿತು ಎಂಬ ಮೂರು ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಕೇಳಬಹುದು.

ಮಹಿಳಾ ಪ್ರತಿನಿಧಿಗಳು: ಮಹಿಳೆಯರು ಆಯ್ಕೆಯಾದ ಕಡೆ ಆಡಳಿತವನ್ನು ಅವರ ಪತಿ ಅಥವಾ ಬಂಧುಗಳು ನಡೆಸುವುದಕ್ಕೆ ಕಾನೂನಿನ ಮಾನ್ಯತೆಯಿಲ್ಲ. ಮನವಿಯನ್ನು ಚುನಾಯಿತ ಸದಸ್ಯೆಯ ಹೆಸರಿಗೇ ಬರೆದು, ಅವರಿಗೇ ಸಲ್ಲಿಸಿ, ಅವರಿಂದಲೇ ಉತ್ತರ ಕೇಳಬೇಕು. ಇದರಿಂದ ಸದಸ್ಯೆಯ ಅಧಿಕಾರವೂ ಬಲಗೊಳ್ಳುತ್ತದೆ.

5. ನಗರ ಮತ್ತು ಪಟ್ಟಣಗಳಲ್ಲಿ

ನಗರಗಳಲ್ಲಿ ಗ್ರಾಮಸಭೆಗೆ ಸಮಾನವಾದ ಮತದಾರರ ಸಭೆ ಸಾಮಾನ್ಯವಾಗಿ ಕಾಣಸಿಗುವುದಿಲ್ಲ. ಸಂವಿಧಾನದ 243ಎಸ್ ವಿಧಿಯು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡ್ ಸಮಿತಿಗಳ ರಚನೆಗೆ ಅವಕಾಶ ನೀಡಿದೆ. ಸಣ್ಣ ಪಟ್ಟಣಗಳ ನಾಗರಿಕರು ಈ ಕೆಳಗಿನ ಮಾರ್ಗಗಳನ್ನು ಬಳಸಬಹುದು:

• ವಾರ್ಡ್ ಸದಸ್ಯರಿಗೆ ಲಿಖಿತ ಮನವಿ ನೀಡಿ, ವಿಷಯವನ್ನು ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸುವಂತೆ ಕೋರುವುದು.
• ಸಾಮಾನ್ಯ ಸಭೆಯ ನಡವಳಿಯ ಪ್ರತಿ ಪಡೆದು, ತಮ್ಮ ವಾರ್ಡಿನ ಸದಸ್ಯರು ಹಾಜರಿದ್ದರೇ, ಯಾವ ವಿಷಯವನ್ನು ಪ್ರಸ್ತಾಪಿಸಿದರು ಎಂಬುದನ್ನು ಪರಿಶೀಲಿಸುವುದು.
• ಆಯವ್ಯಯ ಸಿದ್ಧತೆಯ ಸಮಯದಲ್ಲಿ ವಾರ್ಡಿನ ಬೇಡಿಕೆಗಳನ್ನು ಪೌರಾಯುಕ್ತರು ಅಥವಾ ಮುಖ್ಯಾಧಿಕಾರಿಗೆ ಸಲ್ಲಿಸುವುದು.
• ನೀರು ಶುದ್ಧೀಕರಣ ಘಟಕದ ನಿರ್ವಹಣಾ ದಾಖಲೆ ಮತ್ತು ಪರೀಕ್ಷಾ ವರದಿಗಳನ್ನು ಮಾಹಿತಿ ಹಕ್ಕಿನಡಿ ಕೇಳುವುದು.

6. ಅನುದಾನದ ಲೆಕ್ಕ

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಡಿ ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ ರೂಪಾಯಿ ನಿಗದಿಯಾಗಿದೆ. 1993ರ ಡಿಸೆಂಬರ್‌ನಲ್ಲಿ ಆರಂಭವಾದ ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ ಈ ಮೊತ್ತ 2011-12ರಿಂದ ವರ್ಷಕ್ಕೆ 5 ಕೋಟಿ ರೂಪಾಯಿ. ಸಂಸದರ ನಿಧಿಯಲ್ಲಿ ಶೇಕಡ 15ರಷ್ಟನ್ನು ಪರಿಶಿಷ್ಟ ಜಾತಿಯವರು ಹಾಗೂ ಶೇಕಡ 7.5ರಷ್ಟನ್ನು ಪರಿಶಿಷ್ಟ ಪಂಗಡದವರು ವಾಸಿಸುವ ಪ್ರದೇಶಗಳಿಗೆ ಶಿಫಾರಸು ಮಾಡಬೇಕೆಂದು ಮಾರ್ಗಸೂಚಿ ಹೇಳುತ್ತದೆ.

ಈ ಹಣ ಪ್ರತಿನಿಧಿಯ ಕೈಗೆ ಬರುವುದಿಲ್ಲ. ಪ್ರತಿನಿಧಿಯು ಕಾಮಗಾರಿಯನ್ನು ಶಿಫಾರಸು ಮಾಡುತ್ತಾರೆ. ಜಿಲ್ಲಾಡಳಿತವು ಮಂಜೂರು ಮಾಡಿ, ಅನುಷ್ಠಾನ ಸಂಸ್ಥೆಯ ಮೂಲಕ ಕೈಗೊಳ್ಳುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಎರಡು ಬಗೆಯವು. ಪ್ರತಿನಿಧಿಗೆ: ಈ ಕಾಮಗಾರಿಯನ್ನು ಏಕೆ ಆರಿಸಲಾಯಿತು, ಉಳಿದ ಹಣವನ್ನು ಏಕೆ ಬಳಸಿಲ್ಲ. ಅಧಿಕಾರಿಗೆ: ಮಂಜೂರಾದ ದಿನಾಂಕ, ಅಂದಾಜು ವೆಚ್ಚ, ಗುತ್ತಿಗೆದಾರ, ಪಾವತಿಸಿದ ಮೊತ್ತ, ಈಗಿನ ಹಂತ.

ರಾಯಚೂರು ಜಿಲ್ಲೆಗೆ ಇನ್ನೊಂದು ವಿಶೇಷ ಅನುದಾನದ ಮೂಲವಿದೆ. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಸೇರಿಸಿದ 371ಜೆ ವಿಧಿಯಂತೆ ಈ ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ 2013ರಲ್ಲಿ ಸ್ಥಾಪನೆಯಾಯಿತು. ಅದು ಈಗ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಎಂಬ ಹೆಸರಿನಲ್ಲಿದೆ. ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡಬೇಕೆಂದು ಸಂವಿಧಾನವೇ ವಿಧಿಸಿದೆ. ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತ್ತು; ದೇವದುರ್ಗ ಅವುಗಳಲ್ಲಿ ಒಂದು. ಆ ವಾರ್ಷಿಕ ವರದಿಯಲ್ಲಿ ತಮ್ಮ ತಾಲ್ಲೂಕಿನ ಪಾಲು ಎಷ್ಟು, ಎಷ್ಟು ವೆಚ್ಚವಾಯಿತು, ಆ ಬಗ್ಗೆ ಸದನದಲ್ಲಿ ಏನು ಕೇಳಲಾಯಿತು ಎಂದು ಶಾಸಕರನ್ನು ಕೇಳುವುದು ಇಲ್ಲಿಯ ಮತದಾರರ ಸಹಜ ಹಕ್ಕು.

7. ಮಾಹಿತಿ ಹಕ್ಕು

ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿಯನ್ನು ಪ್ರತಿನಿಧಿಗೆ ನೀಡುವಂತಿಲ್ಲ. ದಾಖಲೆ ಇರುವ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಸಲ್ಲಿಸಬೇಕು.

• ಶುಲ್ಕ: 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ, ದಾಖಲೆ ಲಗತ್ತಿಸಬೇಕು.
• ಕರ್ನಾಟಕದ ನಿಯಮಗಳಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿದ್ದು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು.
• ಕಾಲಮಿತಿ: 30 ದಿನಗಳು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಗೆ 48 ಗಂಟೆಗಳು.
• ಬೇರೆ ಕಚೇರಿಗೆ ಸಂಬಂಧಿಸಿದ ಅರ್ಜಿಯನ್ನು 5 ದಿನಗಳೊಳಗೆ ವರ್ಗಾಯಿಸತಕ್ಕದ್ದು.
• ಉತ್ತರ ಬಾರದಿದ್ದರೆ ಅಥವಾ ತೃಪ್ತಿಕರವಾಗಿಲ್ಲದಿದ್ದರೆ 30 ದಿನಗಳೊಳಗೆ ಪ್ರಥಮ ಮೇಲ್ಮನವಿ. ಆನಂತರ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ದ್ವಿತೀಯ ಮೇಲ್ಮನವಿ. ಆಯೋಗದ ಪೀಠ ಕಲಬುರಗಿಯಲ್ಲಿಯೂ ಇದೆ.
• ಸಕಾರಣವಿಲ್ಲದೆ ಮಾಹಿತಿ ನೀಡದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ವಿಧಿಸಬಹುದು.

ಅರ್ಜಿಯಲ್ಲಿ "ಏಕೆ" ಎಂದು ಕೇಳುವುದಕ್ಕಿಂತ ದಾಖಲೆಯನ್ನು ಕೇಳುವುದು ಪರಿಣಾಮಕಾರಿ. ಮಾದರಿ: "ಮಾನ್ವಿ ವಿಧಾನಸಭಾ ಕ್ಷೇತ್ರದಲ್ಲಿ ದಿನಾಂಕ 01-04-2023ರಿಂದ 31-03-2025ರವರೆಗೆ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಡಿ ಶಿಫಾರಸಾದ ಕಾಮಗಾರಿಗಳ ಪಟ್ಟಿ, ಮಂಜೂರಾತಿ ಆದೇಶಗಳು ಮತ್ತು ಹಣ ಬಳಕೆ ಪ್ರಮಾಣಪತ್ರಗಳ ದೃಢೀಕೃತ ಪ್ರತಿಗಳನ್ನು ಒದಗಿಸಬೇಕು."

8. ಸಭೆಗಳು ಮತ್ತು ಸದನಗಳು

ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನಾ ಸಭೆ (ಕೆ.ಡಿ.ಪಿ. ಸಭೆ) ತಾಲ್ಲೂಕು ಮಟ್ಟದಲ್ಲಿ ಶಾಸಕರ ಅಧ್ಯಕ್ಷತೆಯಲ್ಲಿ, ಜಿಲ್ಲಾ ಮಟ್ಟದಲ್ಲಿ ಜಿಲ್ಲಾ ಉಸ್ತುವಾರಿ ಸಚಿವರ ಅಧ್ಯಕ್ಷತೆಯಲ್ಲಿ ನಡೆಯುತ್ತದೆ. ಕೇಂದ್ರದ ಯೋಜನೆಗಳನ್ನು ಲೋಕಸಭಾ ಸದಸ್ಯರ ಅಧ್ಯಕ್ಷತೆಯ ದಿಶಾ ಸಮಿತಿ ಪರಿಶೀಲಿಸುತ್ತದೆ. ಸಭೆಗೆ ಮುನ್ನ ಮನವಿ ನೀಡುವುದು ಮತ್ತು ಸಭೆಯ ನಂತರ ನಡವಳಿಯ ಪ್ರತಿ ಪಡೆಯುವುದು ನಾಗರಿಕರ ಕೆಲಸ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿ ಮತ್ತು ರಾಯಚೂರು ಭಾಗದ ಕೊನೆಯಂಚಿನ ಜಮೀನುಗಳಿಗೆ ತಲುಪುವುದಿಲ್ಲವೆಂಬುದು ರೈತರ ಬಹುಕಾಲದ ದೂರು. ನೀರು ಬಿಡುವ ದಿನಾಂಕ ಮತ್ತು ಪ್ರಮಾಣವನ್ನು ನೀರಾವರಿ ಸಲಹಾ ಸಮಿತಿ ನಿರ್ಧರಿಸುತ್ತದೆ. ಅಚ್ಚುಕಟ್ಟು ಪ್ರದೇಶದ ಶಾಸಕರು ಆ ಸಮಿತಿಯಲ್ಲಿರುತ್ತಾರೆ. ಬೆಳೆ ಒಣಗಿದ ಮೇಲೆ ರಸ್ತೆ ತಡೆ ನಡೆಸುವುದಕ್ಕಿಂತ, ಸಲಹಾ ಸಮಿತಿ ಸಭೆಗೆ ಮುನ್ನವೇ ವಿತರಣಾ ಕಾಲುವೆವಾರು ಬೇಡಿಕೆ ಸಲ್ಲಿಸಿ, ಸಭೆಯಲ್ಲಿ ಅದನ್ನು ಮಂಡಿಸಲಾಯಿತೇ ಎಂದು ನಂತರ ಕೇಳುವುದು ಫಲಕಾರಿ.

ವಿಧಾನಸಭೆಯಲ್ಲಿ ಸದಸ್ಯರು ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ, ಗಮನ ಸೆಳೆಯುವ ಸೂಚನೆ ಮುಂತಾದ ಮಾರ್ಗಗಳಿಂದ ಸರ್ಕಾರದ ಉತ್ತರ ಪಡೆಯಬಹುದು. ಸದನದಲ್ಲಿ ಸಚಿವರು ನೀಡುವ ಭರವಸೆಗಳನ್ನು ಭರವಸೆಗಳ ಸಮಿತಿ ಪರಿಶೀಲಿಸುತ್ತದೆ. ಅಧಿವೇಶನಕ್ಕೆ ಸಾಕಷ್ಟು ಮುಂಚಿತವಾಗಿ, ದಾಖಲೆಗಳೊಂದಿಗೆ ಶಾಸಕರಿಗೆ ಪ್ರಶ್ನೆಯೊಂದನ್ನು ಸೂಚಿಸಬಹುದು. ಸಾರ್ವಜನಿಕ ಮಹತ್ವದ ವಿಷಯವನ್ನು ಸದಸ್ಯರ ಮೂಲಕ ಅರ್ಜಿಗಳ ಸಮಿತಿಯ ಮುಂದೆ ತರಲೂ ಅವಕಾಶವಿದೆ.

9. ದುರಾಚಾರ ಮತ್ತು ಭ್ರಷ್ಟಾಚಾರದ ದೂರುಗಳು

ಕರ್ನಾಟಕ ಲೋಕಾಯುಕ್ತ ಅಧಿನಿಯಮ, 1984ರ ವ್ಯಾಪ್ತಿಗೆ ಸಚಿವರು, ಶಾಸಕರು ಮತ್ತು ಅಧಿಕಾರಿಗಳು ಬರುತ್ತಾರೆ. ದೂರನ್ನು ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರದೊಂದಿಗೆ ಸಲ್ಲಿಸಬೇಕು. ಕುಂದುಕೊರತೆಯಾದರೆ ವಿಷಯ ತಿಳಿದ 6 ತಿಂಗಳೊಳಗೆ, ಆಪಾದನೆಯಾದರೆ ಕೃತ್ಯ ನಡೆದ 5 ವರ್ಷಗಳೊಳಗೆ ದೂರು ನೀಡಬೇಕು. ಭ್ರಷ್ಟಾಚಾರ ಪ್ರತಿಬಂಧಕ ಅಧಿನಿಯಮ, 1988ರಡಿಯ ಪ್ರಕರಣಗಳ ತನಿಖೆಯನ್ನು 2016ರಿಂದ ಭ್ರಷ್ಟಾಚಾರ ನಿಗ್ರಹ ದಳ ನಡೆಸುತ್ತಿತ್ತು; ಉಚ್ಚ ನ್ಯಾಯಾಲಯವು 2022ರ ಆಗಸ್ಟ್ 11ರಂದು ಆ ದಳವನ್ನು ರದ್ದುಪಡಿಸಿದ ನಂತರ ಈ ಅಧಿಕಾರ ಲೋಕಾಯುಕ್ತ ಪೊಲೀಸರಿಗೆ ಮರಳಿತು.

ಶಾಸಕರು ತಮ್ಮ ಆಸ್ತಿ ಮತ್ತು ಹೊಣೆಗಾರಿಕೆಗಳ ವಿವರವನ್ನು ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಸಲ್ಲಿಸಬೇಕು. ಚುನಾವಣೆಯ ಸಮಯದಲ್ಲಿ ಸಲ್ಲಿಸಿದ ಪ್ರಮಾಣಪತ್ರವು ಚುನಾವಣಾ ಆಯೋಗದ ಜಾಲತಾಣದಲ್ಲಿ ಲಭ್ಯವಿರುತ್ತದೆ. ಸುಳ್ಳು ದೂರು ನೀಡುವುದು ಶಿಕ್ಷಾರ್ಹವಾದ್ದರಿಂದ, ದಾಖಲೆ ಇರುವ ವಿಷಯಗಳನ್ನು ಮಾತ್ರ ಬರೆಯತಕ್ಕದ್ದು.

10. ರಾಜೀನಾಮೆ, ಪಕ್ಷಾಂತರ ಮತ್ತು ತೆರವಾದ ಸ್ಥಾನ

ಶಾಸಕರು ಅಥವಾ ಸಂಸದರನ್ನು ಅವಧಿಗೆ ಮುನ್ನ ಮತದಾರರೇ ವಾಪಸು ಕರೆಸುವ ಅವಕಾಶ ಕಾನೂನಿನಲ್ಲಿಲ್ಲ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಕಾರಾಗೃಹ ಶಿಕ್ಷೆಯಾದರೆ ಸ್ಥಾನ ಹೋಗುತ್ತದೆ. 2013ರ ಜುಲೈ 10ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ನಂತರ, ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಸದಸ್ಯತ್ವ ಉಳಿಯುವುದಿಲ್ಲ. ಪಕ್ಷಾಂತರಕ್ಕೆ ಸಂವಿಧಾನದ ಹತ್ತನೇ ಅನುಸೂಚಿ ಅನ್ವಯಿಸುತ್ತದೆ. ಸ್ಥಳೀಯ ಸಂಸ್ಥೆಗಳಿಗೆ 1987ರ ಪ್ರತ್ಯೇಕ ಅಧಿನಿಯಮವಿದೆ.

ಈ ವಿಷಯದಲ್ಲಿ ಜಿಲ್ಲೆಗೆ ಸ್ವಂತ ಅನುಭವವಿದೆ. ದೇವದುರ್ಗದಲ್ಲಿ 2008ರ ಮೇ ತಿಂಗಳಲ್ಲಿ ಆಯ್ಕೆಯಾದ ಶಾಸಕರು ರಾಜೀನಾಮೆ ನೀಡಿ ಪಕ್ಷ ಬದಲಿಸಿದ ಕಾರಣ ಅದೇ ವರ್ಷದ ಡಿಸೆಂಬರ್‌ನಲ್ಲಿ ಉಪಚುನಾವಣೆ ನಡೆಯಿತು. ಮತದಾರರು ಅವರನ್ನೇ ಮರಳಿ ಆರಿಸಿದರು. ಮಸ್ಕಿಯಲ್ಲಿ 2018ರಲ್ಲಿ ಆಯ್ಕೆಯಾದ ಶಾಸಕರು 2019ರ ಜುಲೈನಲ್ಲಿ ರಾಜೀನಾಮೆ ನೀಡಿ, ಬಳಿಕ ಅನರ್ಹಗೊಂಡರು. ಹಿಂದಿನ ಚುನಾವಣೆಯ ತಕರಾರು ನ್ಯಾಯಾಲಯದಲ್ಲಿದ್ದ ಕಾರಣ ಉಪಚುನಾವಣೆ 2021ರ ಏಪ್ರಿಲ್ 17ರವರೆಗೆ ನಡೆಯಲಿಲ್ಲ. ಅಂದು ಅದೇ ಅಭ್ಯರ್ಥಿಯನ್ನು ಮತದಾರರು ಸೋಲಿಸಿದರು. ಒಂದೇ ಬಗೆಯ ಪ್ರಶ್ನೆಗೆ ನೆರೆಹೊರೆಯ ಎರಡು ಕ್ಷೇತ್ರಗಳು ಬೇರೆ ಬೇರೆ ಉತ್ತರ ನೀಡಿದವು. ಆದರೆ ಮಸ್ಕಿಯ ಜನ ಸುಮಾರು 21 ತಿಂಗಳು ಶಾಸಕರಿಲ್ಲದೆ ಇರಬೇಕಾಯಿತು. ಇಂಥ ಸಂದರ್ಭದಲ್ಲಿ ಮನವಿಗಳನ್ನು ವಿಧಾನ ಪರಿಷತ್ ಸದಸ್ಯರು, ಲೋಕಸಭಾ ಸದಸ್ಯರು ಮತ್ತು ಜಿಲ್ಲಾ ಉಸ್ತುವಾರಿ ಸಚಿವರಿಗೆ ಸಲ್ಲಿಸಬೇಕು.

11. ಶಾಂತಿಯುತ ಒತ್ತಾಯ ಮತ್ತು ನ್ಯಾಯಾಲಯ

ಶಸ್ತ್ರಾಸ್ತ್ರಗಳಿಲ್ಲದೆ ಶಾಂತಿಯುತವಾಗಿ ಸಭೆ ಸೇರುವುದು ಸಂವಿಧಾನದ 19ನೇ ವಿಧಿಯಂತೆ ನಾಗರಿಕರ ಮೂಲಭೂತ ಹಕ್ಕು. ರಾಯಚೂರಿಗೆ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಏಮ್ಸ್) ಬೇಕೆಂದು 2022ರ ಮೇ ತಿಂಗಳಲ್ಲಿ ನಗರದಲ್ಲಿ ಆರಂಭವಾದ ಧರಣಿಯು ಸಾವಿರ ದಿನಗಳನ್ನು ದಾಟಿತು. ಆ ಅವಧಿಯಲ್ಲಿ ರಾಯಚೂರಿನಲ್ಲಿಯೇ ಸಂಸ್ಥೆಯನ್ನು ಸ್ಥಾಪಿಸುವಂತೆ ರಾಜ್ಯ ಸರ್ಕಾರವು 2023ರಲ್ಲಿ ಕೇಂದ್ರಕ್ಕೆ ಪತ್ರ ಬರೆಯಿತು. ಸ್ಪಷ್ಟವಾದ ಒಂದೇ ಬೇಡಿಕೆಯನ್ನು ಬಿಡದೆ ಮುಂದಿಟ್ಟಾಗ, ಅದರ ಬಗ್ಗೆ ನಿಲುವು ಹೇಳದೆ ಇರುವುದು ಯಾವ ಪಕ್ಷದ ಪ್ರತಿನಿಧಿಗೂ ಕಷ್ಟವಾಗುತ್ತದೆ. ಧರಣಿಗೆ ಮುನ್ನ ಸ್ಥಳೀಯ ಪೊಲೀಸರ ಅನುಮತಿ ಪಡೆಯುವುದು ಅಗತ್ಯ.

ಶಾಸನಬದ್ಧ ಕರ್ತವ್ಯವನ್ನು ನಿರ್ವಹಿಸದಿದ್ದಲ್ಲಿ ಉಚ್ಚ ನ್ಯಾಯಾಲಯದ ಮೊರೆ ಹೋಗಬಹುದು. ರಾಯಚೂರು ಜಿಲ್ಲೆಯು ಕಲಬುರಗಿ ಪೀಠದ ವ್ಯಾಪ್ತಿಯಲ್ಲಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಇತರ ಅರ್ಹರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ಕಾನೂನು ನೆರವು ದೊರೆಯುತ್ತದೆ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪ್ರತಿನಿಧಿಗೆ ಮತ ಹಾಕದವರು ಅವರನ್ನು ಪ್ರಶ್ನಿಸಬಹುದೇ?
ಉತ್ತರ: ಪ್ರಶ್ನಿಸಬಹುದು. ಆಯ್ಕೆಯಾದ ನಂತರ ಅವರು ಕ್ಷೇತ್ರದ ಎಲ್ಲರ ಪ್ರತಿನಿಧಿ. ಮತದಾನ ಗೌಪ್ಯವಾದ್ದರಿಂದ ಯಾರಿಗೆ ಮತ ಹಾಕಿದಿರಿ ಎಂದು ಕೇಳುವ ಅಧಿಕಾರ ಯಾರಿಗೂ ಇಲ್ಲ.

ಪ್ರಶ್ನೆ: ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನು ಗ್ರಾಮಸ್ಥರು ತೆಗೆದುಹಾಕಬಹುದೇ?
ಉತ್ತರ: ನೇರವಾಗಿ ಸಾಧ್ಯವಿಲ್ಲ. ಅವಿಶ್ವಾಸ ನಿರ್ಣಯವನ್ನು ಪಂಚಾಯಿತಿಯ ಸದಸ್ಯರು ಮಾತ್ರ ಮಂಡಿಸಬಹುದು. ದುರ್ನಡತೆಯ ಬಗ್ಗೆ ದಾಖಲೆಗಳೊಂದಿಗೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ದೂರು ನೀಡಿದರೆ ವಿಚಾರಣೆಗೆ ಅವಕಾಶವಿದೆ.

ಪ್ರಶ್ನೆ: ಓದು ಬರಹ ಬಾರದವರು ಮಾಹಿತಿ ಹಕ್ಕಿನ ಅರ್ಜಿ ಸಲ್ಲಿಸುವುದು ಹೇಗೆ?
ಉತ್ತರ: ಮೌಖಿಕವಾಗಿ ಹೇಳಿದ ಕೋರಿಕೆಯನ್ನು ಬರೆದುಕೊಳ್ಳಲು ನೆರವಾಗುವುದು ಸಾರ್ವಜನಿಕ ಮಾಹಿತಿ ಅಧಿಕಾರಿಯ ಕರ್ತವ್ಯವಾಗಿದೆ.

ಪ್ರಶ್ನೆ: ಮನವಿಗೆ ಉತ್ತರವೇ ಬಾರದಿದ್ದರೆ?
ಉತ್ತರ: ಮೊದಲ ಮನವಿಯ ಪ್ರತಿಯೊಂದಿಗೆ ಜ್ಞಾಪನ ಪತ್ರ ನೀಡಬೇಕು. ಉತ್ತರ ಬಾರದಿರುವುದೂ ಒಂದು ದಾಖಲೆಯೇ.

13. ನಾಗರಿಕರ ಗಮನಕ್ಕೆ

ಮನವಿಗಳ ಸ್ವೀಕೃತಿ, ಗ್ರಾಮಸಭೆಯ ನಡವಳಿ, ಮಾಹಿತಿ ಹಕ್ಕಿನ ಉತ್ತರ, ನೀರಿನ ಪರೀಕ್ಷಾ ವರದಿ ಇವೆಲ್ಲವನ್ನೂ ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿ ಇರಿಸಬೇಕು. ಊರಿನ ಸ್ವಸಹಾಯ ಸಂಘ, ಯುವಕ ಸಂಘ ಅಥವಾ ಗ್ರಂಥಾಲಯದಲ್ಲಿ ಇಂಥ ಒಂದು ಸಾಮೂಹಿಕ ಕಡತವಿದ್ದರೆ ಯಾರೊಬ್ಬರ ಮೇಲೂ ಒತ್ತಡ ಬೀಳುವುದಿಲ್ಲ. ಐದು ವರ್ಷಗಳ ನಂತರ ಅಭ್ಯರ್ಥಿಗಳು ಮತ ಕೇಳಲು ಬಂದಾಗ ಆ ಕಡತವನ್ನು ಅವರ ಮುಂದಿಡಬಹುದು. ಅದಕ್ಕೂ ಮುನ್ನ, ನಲ್ಲಿಯಲ್ಲಿ ಕೆಂಪು ನೀರು ಕಂಡ ದಿನವೇ ಅದರ ಮೊದಲ ಪುಟವನ್ನು ಬರೆಯಬೇಕು.